ಹಳೆಯ ಸೀಸದ ಶುದ್ಧಿ

ಲೋಹಗಳ ಪೈಕಿ ಮನುಷ್ಯನ ಕೈಗೆ ಸೀಸದಷ್ಟು ಸುಲಭವಾಗಿ ಬಗ್ಗುವವು ಬಹಳ ಕಡಮೆ. ಕಬ್ಬಿಣವನ್ನು ಕರಗಿಸಬೇಕಾದರೆ 1538 ಡಿಗ್ರಿ ಸೆಂಟಿಗ್ರೇಡಿನ ಉಷ್ಣತೆ ಬೇಕು. ತಾಮ್ರಕ್ಕೆ 1085 ಡಿಗ್ರಿ ಬೇಕು. ಅಲ್ಯುಮಿನಿಯಮ್ಮಿಗೆ 660 ಡಿಗ್ರಿ ಬೇಕು. ಸೀಸವಾದರೋ 327 ಡಿಗ್ರಿಗೆಲ್ಲ ಕರಗಿ ನೀರಾಗುವುದು. ಕಮ್ಮಾರನ ತಿದಿಯಾಗಲಿ ಕಂಚುಗಾರನ ಮೂಸೆಯಾಗಲಿ ಇದಕ್ಕೆ ಅಗತ್ಯವಿಲ್ಲ. ಒಂದು ಕಬ್ಬಿಣದ ಬಾಣಲೆ, ಒಂದು ಸೌಟು, ಇದ್ದಲಿನ ಒಲೆ, ಇಷ್ಟಿದ್ದರೆ ಸಾಕು. ಆದುದರಿಂದಲೇ ಮೀನುಗಾರನು ತನ್ನ ಬೀಸುಬಲೆಯ ಅಂಚಿಗೆ ಕಟ್ಟುವ ಗುಂಡುಗಳನ್ನೂ, ಗಾರೆಕೆಲಸದವನು ಗೋಡೆಯ ನೇರವನ್ನು ನೋಡುವ ತೂಗುಗುಂಡನ್ನೂ, ಕೈಕೆಲಸದಲ್ಲಿ ಆಸಕ್ತಿಯುಳ್ಳ ಗೃಹಸ್ಥನು ಕಾಗದಗಳು ಹಾರದಂತೆ ಮೇಜಿನ ಮೇಲಿಡುವ ಬೊಂಬೆಗಳನ್ನೂ ತಾವೇ ಎರಕ ಹೊಯ್ದುಕೊಳ್ಳುವುದು ಬಹುಕಾಲದಿಂದ ನಡೆದುಬಂದಿದೆ. ಇವರಲ್ಲಿ ಹೆಚ್ಚಿನವರು ಹೊಸ ಸೀಸವನ್ನು ಕೊಳ್ಳುವುದಿಲ್ಲ. ಗುಜರಿಯ ಅಂಗಡಿಯಲ್ಲಿ ಸಿಕ್ಕುವ ಹಳೆಯ ಸೀಸವನ್ನು ತಂದು ಕರಗಿಸಿ, ಶುದ್ಧಮಾಡಿ, ಅಚ್ಚಿಗೆ ಹೊಯ್ಯುವರು.

ಈ ಕೆಲಸವು ನಡೆಯುವ ಬಗೆಯನ್ನು ಶ್ರೋತೃಗಳಿಗೆ ವಿವರಿಸಬೇಕೆಂಬುದೇ ಈ ಭಾಷಣದ ಉದ್ದೇಶ. ಆದರೆ ಮೊದಲಲ್ಲಿಯೇ ಒಂದು ಮಾತನ್ನು ಹೇಳಿಬಿಡುತ್ತೇನೆ. ಇಲ್ಲಿ ಶುದ್ಧಿ ಎಂಬುದು ಎರಡು ಬಗೆಯದು. ಸೀಸದಿಂದ ಕೊಳೆಯನ್ನು ತೆಗೆಯುವುದು ಒಂದು. ಮನೆಯಿಂದ ಸೀಸವನ್ನು ದೂರವಿಡುವುದು ಇನ್ನೊಂದು. ಮೊದಲನೆಯದು ಅರ್ಧ ಗಂಟೆಯ ಕೆಲಸ, ಮತ್ತು ಸುಲಭ. ಎರಡನೆಯದು ಕಷ್ಟ; ಏಕೆಂದರೆ ಅಲ್ಲಿ ನಾವು ಹೋರಾಡಬೇಕಾದುದು ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಸ್ತುವಿನೊಡನೆ. ಮೊದಲನೆಯದನ್ನು ಚೆನ್ನಾಗಿ ಕಲಿತು ಎರಡನೆಯದನ್ನು ಮರೆತವರ ಮನೆಗಳಲ್ಲಿ ಮಕ್ಕಳು ಸತ್ತಿದ್ದಾರೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸೀಸವನ್ನು ಗುರುತಿಸುವ ಬಗೆಯನ್ನು ತಿಳಿಯೋಣ. ನಮ್ಮ ಭಾಷೆಯಲ್ಲಿ ಪೆನ್ಸಿಲಿಗೆ ಸೀಸದ ಕಡ್ಡಿಯೆಂಬ ಹೆಸರುಂಟು. ಅದರಲ್ಲಿ ಸೀಸವು ಎಳ್ಳಷ್ಟೂ ಇಲ್ಲ. ಅದು ಇಂಗಾಲದ ಒಂದು ರೂಪವಾದ ಗ್ರಾಫೈಟಿಗೆ ಜೇಡಿಮಣ್ಣನ್ನು ಸೇರಿಸಿ ಮಾಡಿದ್ದು. ನಿಜವಾದ ಸೀಸವು ಬಹಳ ಮೆತು, ಬಹಳ ಭಾರ. ಹೊಸದಾಗಿ ಕತ್ತರಿಸಿದ ಮುಖವು ಬೆಳ್ಳಿಯಂತೆ ಹೊಳೆದು, ಗಾಳಿಯ ಸಂಪರ್ಕದಿಂದ ಬೇಗನೆ ಮಂಕಾಗಿ ಬೂದುಬಣ್ಣವನ್ನು ಹೊಂದುವುದು. ಉಗುರಿನಿಂದ ಗೀರಿದರೆ ಗೆರೆ ಮೂಡುವುದು. ಕಾಗದದ ಮೇಲೆ ಉಜ್ಜಿದರೆ ಗುರುತು ಬೀಳುವುದು. ಕಲ್ಲಿನ ಮೇಲೆ ಕೆಡವಿದರೆ ಖಣಿಲೆಂದು ನಾದ ಕೊಡದೆ ಧೊಪ್ಪೆಂದು ಬೀಳುವುದು. ಒಂದು ಘನ ಸೆಂಟಿಮೀಟರು ನೀರಿನ ತೂಕ ಒಂದು ಗ್ರಾಂ ಆದರೆ ಅಷ್ಟೇ ಗಾತ್ರದ ಸೀಸದ ತೂಕವು 11.34 ಗ್ರಾಂ. ಕಬ್ಬಿಣದ್ದು 7.87 ಗ್ರಾಂ ಮಾತ್ರ.

ಗುಜರಿಯ ಸೀಸವೆಲ್ಲ ಒಂದೇ ಬಗೆಯದಲ್ಲ. ಹಳೆಯ ಕಟ್ಟಡಗಳ ನೀರಿನ ಕೊಳವೆಗಳು, ತಗಡುಗಳು, ನೆಲದೊಳಗಿನ ವಿದ್ಯುತ್ತಂತಿಗಳ ಮೇಲ್ಹೊದಿಕೆ, ಇವು ಬಹಳಮಟ್ಟಿಗೆ ಶುದ್ಧವಾದ ಮೆತು ಸೀಸ. ಬೆಸುಗೆಯ ಲೋಹದಲ್ಲಿ ಸೀಸದೊಡನೆ ತವರವು ಬೆರೆತಿರುವುದು. ಮುದ್ರಣಾಲಯದ ಅಚ್ಚುಮೊಳೆಗಳು ಮೂರು ಲೋಹಗಳ ಮಿಶ್ರಣ. ಲೈನೋಟೈಪ್ ಯಂತ್ರಕ್ಕೆ ಬಳಸುತ್ತಿದ್ದ ಲೋಹದಲ್ಲಿ ನೂರಕ್ಕೆ ಸುಮಾರು 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ ಇರುತ್ತಿದ್ದವು. ಆಂಟಿಮನಿಯು ಮೊಳೆಗೆ ಗಡಸುತನವನ್ನು ಕೊಡುವುದು. ತವರವು ಕರಗಿದ ಲೋಹವನ್ನು ಅಚ್ಚಿನ ಸಣ್ಣ ಸಣ್ಣ ಸಂದುಗಳಿಗೂ ಹರಿಯುವಂತೆ ಮಾಡುವುದು. ಕನ್ನಡದ ಒತ್ತಕ್ಷರಗಳೂ ಕೊಂಬುಗಳೂ ಕಾಗದದ ಮೇಲೆ ಸ್ಫುಟವಾಗಿ ಮೂಡಲು ಈ ಗುಣಗಳು ಬೇಕಾಗಿದ್ದವು. ಗಣಕಯಂತ್ರದ ಅಕ್ಷರಜೋಡಣೆ ಬಂದಮೇಲೆ ಮೊಳೆಗಳನ್ನು ಜೋಡಿಸಿ ಅಚ್ಚುಹಾಕುವ ಕ್ರಮವು ಹಿಂದೆ ಸರಿದು, ಎಷ್ಟೋ ಮುದ್ರಣಾಲಯಗಳ ಮೊಳೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಸೇರಿದವು.

ಮೋಟಾರು ಗಾಡಿಗಳ ಚಕ್ರದ ಅಂಚಿಗೆ ಸಮತೂಕಕ್ಕಾಗಿ ಸಿಕ್ಕಿಸುವ ತುಂಡುಗಳೂ ಹೀಗೆಯೇ ದೊರೆಯುವುವು. ಆದರೆ ಈಗ ಇವುಗಳಲ್ಲಿ ಅನೇಕವು ಸೀಸದವಲ್ಲ; ಸತುವಿನವು ಇಲ್ಲವೇ ಉಕ್ಕಿನವು. ಉಕ್ಕು ಸೇರಿದರೆ ಚಿಂತೆಯಿಲ್ಲ; ಅದು ಕರಗದೆ ಮೇಲೆಯೇ ತೇಲುವುದು. ಸತುವು ಮಾತ್ರ ಎರಕದ ಶತ್ರು. ಸ್ವಲ್ಪ ಸತುವು ಬೆರೆತರೂ ಕರಗಿದ ಸೀಸವು ಗಂಜಿಯಂತೆ ಮಂದವಾಗಿ, ಅಚ್ಚಿನ ಮೂಲೆಗಳಿಗೆ ಹರಿಯದೆ ನಿಂತುಬಿಡುವುದು. ಸತುವು ಕರಗುವುದು 419 ಡಿಗ್ರಿಗೆ ಮೇಲೆ. ಆದುದರಿಂದ ಬಾಣಲೆಯ ಉಷ್ಣತೆಯನ್ನು 400ಕ್ಕೆ ಒಳಗೇ ಇಟ್ಟುಕೊಂಡು, ತೇಲುತ್ತಿರುವ ಗಟ್ಟಿ ತುಂಡುಗಳನ್ನು ತಡಮಾಡದೆ ತೆಗೆದುಹಾಕತಕ್ಕದ್ದು. ಅದಕ್ಕಿಂತಲೂ ಉತ್ತಮವೆಂದರೆ ಒಲೆಗೆ ಹಾಕುವುದಕ್ಕೆ ಮುಂಚೆಯೇ ಒಂದೊಂದು ತುಂಡನ್ನೂ ಇಕ್ಕಳದಿಂದ ಹಿಸುಕಿ ನೋಡುವುದು: ಸೀಸವು ತಗ್ಗುವುದು, ಸತುವು ತಗ್ಗದು.

ಇನ್ನು ಕರಗಿಸುವ ಕ್ರಮ. ಇಲ್ಲಿ ಎಲ್ಲಕ್ಕಿಂತ ಮೊದಲು ನೆನಪಿನಲ್ಲಿಡಬೇಕಾದ ವಿಷಯವು ನೀರು. ಒಂದು ಹನಿ ನೀರು ಕುದಿದು ಆವಿಯಾದರೆ ತನ್ನ ಮೊದಲಿನ ಗಾತ್ರಕ್ಕಿಂತ ಸುಮಾರು 1700 ಪಾಲು ಹಿಗ್ಗುವುದು. ಆ ಹನಿಯು ಕರಗಿದ ಸೀಸದ ಮೇಲ್ಭಾಗದಲ್ಲಿದ್ದರೆ ಚೊರ್ರೆಂದು ಆರಿಹೋಗಬಹುದು. ಆದರೆ ಒದ್ದೆಯಾದ ತುಂಡಿನೊಡನೆ ಸೀಸದ ಒಳಕ್ಕೆ ಮುಳುಗಿತೆಂದರೆ, ಹಿಗ್ಗಿದ ಆವಿಯು ಬಾಣಲೆಯಲ್ಲಿರುವ ಲೋಹವನ್ನೆಲ್ಲ ಸುತ್ತಲಿದ್ದವರ ಮುಖದ ಮೇಲೆ ಎರಚುವುದು. ಹಳೆಯ ಕೊಳವೆಗಳ ಬಾಗಿದ ಭಾಗಗಳಲ್ಲಿ ನೀರು ನಿಂತಿರುವುದುಂಟು. ಆದುದರಿಂದ ಗುಜರಿಯ ತುಂಡುಗಳನ್ನು ಚೆನ್ನಾಗಿ ಒಣಗಿಸಿ, ಕೊಳವೆಗಳನ್ನು ಸೀಳಿ ತೆರೆದು, ತಣ್ಣಗಿರುವ ಬಾಣಲೆಯಲ್ಲಿಯೇ ತುಂಬಿ, ಆಮೇಲೆ ಒಲೆಯನ್ನು ಹೊತ್ತಿಸಬೇಕು. ಕರಗಿದ ಲೋಹಕ್ಕೆ ಹೊಸ ತುಂಡನ್ನು ಎಸೆಯಲೇ ಕೂಡದು. ಅಚ್ಚನ್ನೂ ಸೌಟನ್ನೂ ಮುಂಚಿತವಾಗಿ ಬಿಸಿಮಾಡಿ ಒದ್ದೆಯನ್ನು ಹೋಗಲಾಡಿಸಬೇಕು. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಚರ್ಮದ ಚೀಲ, ಕಾಲಿಗೆ ಮುಚ್ಚಿದ ಜೋಡು, ಇವು ಆಡಂಬರದ ವಸ್ತುಗಳಲ್ಲ.

ಕರಗಿದಮೇಲೆ ಬಾಣಲೆಯಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಮಣ್ಣು, ಕಲ್ಲುಚೂರು, ಸುಟ್ಟ ಬಣ್ಣ ಇವು ತೇಲುವುದು ಸಹಜ. ಆದರೆ ಕಬ್ಬಿಣದ ಮೊಳೆಗಳೂ ತಿರುಪುಗಳೂ ನೀರಿನ ಮೇಲಿನ ಬೆಂಡಿನಂತೆ ತೇಲುತ್ತಿರುವುವು. ತನಗಿಂತ ಹಗುರವಾದುದನ್ನೆಲ್ಲ ಸೀಸವು ಮೇಲಕ್ಕೆ ತಳ್ಳುವುದು. ಹೀಗೆ ಲೋಹವೇ ತನ್ನ ಕೊಳೆಯ ಬಹುಭಾಗವನ್ನು ಬೇರ್ಪಡಿಸಿಕೊಳ್ಳುವುದು. ನಾವು ಮಾಡಬೇಕಾದುದು ತೂತಿನ ಸೌಟಿನಿಂದ ಅದನ್ನು ಎತ್ತಿಹಾಕುವುದಷ್ಟೆ.

ಆದರೆ ಮೇಲೆ ಕಟ್ಟಿಕೊಳ್ಳುವ ಬೂದುಬಣ್ಣದ ಕೆನೆಯನ್ನೆಲ್ಲ ಕೊಳೆಯೆಂದು ತಿಳಿದು ತೆಗೆಯುವುದು ತಪ್ಪು. ಅದರಲ್ಲಿ ಹೆಚ್ಚಿನ ಪಾಲು ಗಾಳಿಯ ಆಮ್ಲಜನಕದೊಡನೆ ಕೂಡಿದ ಸೀಸ ಮತ್ತು ತವರ. ಕೆನೆಯನ್ನು ತೆಗೆದಷ್ಟೂ ಹೊಸ ಕೆನೆ ಕಟ್ಟುವುದು. ಎರಕಕ್ಕೆ ಅತ್ಯುಪಯುಕ್ತವಾದ ತವರವು ಹೀಗೆ ಕಸದ ಪಾಲಾಗುವುದು. ಇದನ್ನು ತಪ್ಪಿಸುವುದಕ್ಕಾಗಿ ಬಲ್ಲವರು ಒಂದು ಚೂರು ಜೇನುಮೇಣವನ್ನಾಗಲಿ, ಸ್ವಲ್ಪ ರಾಳವನ್ನಾಗಲಿ, ಒಂದು ಹಿಡಿ ಒಣಗಿದ ಮರದ ಹೊಟ್ಟನ್ನಾಗಲಿ ಲೋಹದ ಮೇಲೆ ಹಾಕಿ ಕಲಕುವರು. ಇವೆಲ್ಲವುಗಳಲ್ಲಿಯೂ ಇಂಗಾಲವಿದೆ. ಬಿಸಿಗೆ ಇವು ಸುಟ್ಟಾಗ ಇಂಗಾಲವೂ ಅದರೊಡನೆ ಹೊರಡುವ ಅನಿಲಗಳೂ ಕೆನೆಯಲ್ಲಿರುವ ಆಮ್ಲಜನಕವನ್ನು ಎಳೆದುಕೊಳ್ಳುವುವು. ತವರವೂ ಸೀಸವೂ ಬಹುಪಾಲು ಬಿಡುಗಡೆ ಹೊಂದಿ ಮತ್ತೆ ಲೋಹದೊಳಕ್ಕೆ ಇಳಿಯುವುವು. ನಿಜವಾದ ಕೊಳೆಯು ಕಪ್ಪು ಪುಡಿಯಾಗಿ ಉಳಿಯುವುದು. ಭೂಮಿಯಿಂದ ತೆಗೆದ ಅದುರನ್ನು ಇದ್ದಲಿನೊಡನೆ ಕಾಸಿ ಲೋಹವನ್ನು ಪಡೆಯುವ ದೊಡ್ಡ ಕುಲುಮೆಯ ತತ್ತ್ವವೇ ಇಲ್ಲಿ ಬಾಣಲೆಯಲ್ಲಿ ಚಿಕ್ಕದಾಗಿ ನಡೆಯುತ್ತದೆ. ಮೇಣದ ಹೊಗೆಯು ಥಟ್ಟನೆ ಹತ್ತಿಕೊಂಡು ಉರಿಯುವುದುಂಟು. ಆದುದರಿಂದ ಬಾಗಿ ನೋಡಬಾರದು.

ಬಳಿಕ ಕಪ್ಪು ಪುಡಿಯನ್ನು ತೆಗೆದರೆ ಕನ್ನಡಿಯಂತಹ ಲೋಹವು ಕಾಣುವುದು. ಆ ಕನ್ನಡಿಯ ಮೇಲೆ ಹೊಂಬಣ್ಣವೂ ನೀಲಿಯೂ ನೇರಿಳೆಯೂ ಬೇಗ ಬೇಗನೆ ಹರಡಿದರೆ ಅದನ್ನು ಸೌಂದರ್ಯವೆಂದು ಮೆಚ್ಚಿಕೊಂಡು ಕೂರಬಾರದು. ಉಷ್ಣತೆಯು ಅಗತ್ಯಕ್ಕಿಂತ ಏರಿದೆ, ಲೋಹವು ಗಾಳಿಯೊಡನೆ ವೇಗವಾಗಿ ಕೂಡುತ್ತಿದೆ ಎಂಬುದಕ್ಕೆ ಅದು ಸೂಚನೆ. ಬೆಂಕಿಯನ್ನು ಕೂಡಲೇ ತಗ್ಗಿಸಬೇಕು. ಸರಿಯಾದ ಉಷ್ಣತೆಯಲ್ಲಿರುವ ಲೋಹವನ್ನು ಒಣಗಿದ ಅಚ್ಚುಗಳಿಗೆ ಒಂದೇ ಧಾರೆಯಾಗಿ ಹೊಯ್ಯುವುದು. ಗಟ್ಟಿಯಾಗುವಾಗ ಸೀಸವು ಕುಗ್ಗುವುದರಿಂದ ಅಚ್ಚಿನ ಬಾಯಿಯಲ್ಲಿ ಸ್ವಲ್ಪ ಹೆಚ್ಚಾಗಿಯೇ ಲೋಹವನ್ನು ನಿಲ್ಲಿಸುವರು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. ಬಾಣಲೆಯ ಶುದ್ಧಿಗೆ ಮಿತಿಯುಂಟು. ಮಣ್ಣು, ಎಣ್ಣೆ, ಬೇರೆ ಲೋಹದ ಗಟ್ಟಿ ಚೂರುಗಳು, ಇವನ್ನು ತೆಗೆಯಬಹುದು. ಆದರೆ ಸಕ್ಕರೆಯು ನೀರಿನಲ್ಲಿ ಕರಗಿದಂತೆ ಸೀಸದಲ್ಲಿ ಕರಗಿರುವ ಆಂಟಿಮನಿಯನ್ನಾಗಲಿ ತವರವನ್ನಾಗಲಿ ಸತುವನ್ನಾಗಲಿ ಈ ಬಗೆಯಾಗಿ ಬೇರ್ಪಡಿಸಲಾಗದು. ಅದು ದೊಡ್ಡ ಕಾರ್ಖಾನೆಗಳ ಕೆಲಸ. ಮನೆಯಲ್ಲಿ ಮಾಡಿದ ಎರಕವು ಎಷ್ಟೇ ಹೊಳೆದರೂ ಅದು ಗುಂಡಿಗೆ ಯೋಗ್ಯ, ತೂಕಕ್ಕೆ ಯೋಗ್ಯ. ಪಾತ್ರೆಗೆ ಬೆಸುಗೆಯಾಗಲಿ ಕಲಾಯಿಯಾಗಲಿ ಹಾಕುವುದಕ್ಕೆ ಎಂದಿಗೂ ಯೋಗ್ಯವಲ್ಲ. ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಬೇಕಾದುದು ಶುದ್ಧವಾದ ತವರದಿಂದ. ಅದಕ್ಕೆ ಅಗ್ಗದ ಸೀಸವನ್ನು ಬೆರೆಸಿದರೆ ಹುಣಿಸೆಯ ಹುಳಿಯಲ್ಲಿ ಸೀಸವು ಕರಗಿ ಸಾರಿನೊಳಕ್ಕೆ ಬರುವುದು.

ಈಗ ಎರಡನೆಯ ಶುದ್ಧಿಯ ವಿಷಯಕ್ಕೆ ಬರೋಣ. ಸೀಸವು ವಿಷವೆಂಬುದು ಹೊಸ ಸಂಶೋಧನೆಯಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿದ್ದ ರೋಮಿನ ವಾಸ್ತುಶಿಲ್ಪಿ ವಿಟ್ರೂವಿಯಸನು ಸೀಸದ ಕೆಲಸಗಾರರ ಮೈಬಣ್ಣವು ಬಿಳಿಚಿಕೊಂಡಿರುವುದನ್ನು ಗಮನಿಸಿ, ಕುಡಿಯುವ ನೀರಿಗೆ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯೇ ಒಳ್ಳೆಯದೆಂದು ಬರೆದಿದ್ದಾನೆ. ಸಂಸ್ಕೃತದಲ್ಲಿ ಸೀಸಕ್ಕೆ ನಾಗವೆಂಬ ಹೆಸರುಂಟು. ಹಾವಿನ ಹೆಸರು ಇದಕ್ಕೆ ಯಾವ ಕಾರಣದಿಂದ ಬಂದಿದ್ದರೂ, ಒಂದು ವ್ಯತ್ಯಾಸವನ್ನು ನೆನಪಿಡಬೇಕು: ಹಾವು ಕಚ್ಚಿದರೆ ಕೂಡಲೇ ತಿಳಿಯುವುದು, ಸೀಸವು ಕಚ್ಚಿದುದು ವರ್ಷಗಳವರೆಗೆ ತಿಳಿಯದಿರಬಹುದು.

ಅಪಾಯವು ಎಲ್ಲಿದೆ ಎಂಬ ವಿಷಯದಲ್ಲಿ ವಿದ್ಯಾವಂತರಲ್ಲಿಯೂ ತಪ್ಪು ಕಲ್ಪನೆಯಿದೆ. ಕೆಲವರು ಬಾಣಲೆಯಿಂದ ಏಳುವ ಹೊಗೆಗೆ ಹೆದರುವರು. ಹೊಗೆ ನಿಂತೊಡನೆ ಅಪಾಯವು ಕಳೆಯಿತೆಂದು ಸಮಾಧಾನಪಡುವರು. ಕಣ್ಣಿಗೆ ಕಾಣುವ ಆ ಹೊಗೆಯು ಬಹುಮಟ್ಟಿಗೆ ಮೇಣ, ಎಣ್ಣೆ, ಬಣ್ಣಗಳದ್ದು. ಅದೂ ಒಳ್ಳೆಯದಲ್ಲವೆನ್ನಿ. ಆದರೆ ಸೀಸವು ಕುದಿಯುವುದು 1749 ಡಿಗ್ರಿಗೆ. 350 ಇಲ್ಲವೇ 400 ಡಿಗ್ರಿಯಲ್ಲಿ ಅದರಿಂದ ಏಳುವ ಆವಿಯು ಅತ್ಯಲ್ಪ. ಬೆಂಕಿಯು ಮೇಲೇರಿದಷ್ಟೂ ಆವಿಯು ಹೆಚ್ಚುವುದು ನಿಜ. ಬಾಣಲೆಯು ಕೆಂಪಗೆ ಕಾದರೆ ಅಪಾಯವು ಬಹಳ. ಆದರೂ ಎಚ್ಚರಿಕೆಯಿಂದ ಕೆಲಸಮಾಡುವವನ ಮನೆಯಲ್ಲಿ ವಿಷವು ಹರಡುವುದು ಮುಖ್ಯವಾಗಿ ಆವಿಯಿಂದಲ್ಲ, ಧೂಳಿನಿಂದ. ನಾವು ಸೌಟಿನಿಂದ ತೆಗೆದು ಪಕ್ಕಕ್ಕೆ ಹಾಕಿದ ಆ ಕಪ್ಪು ಪುಡಿಯಿದೆಯಲ್ಲ, ಅದೇ ವಿಷದ ಭಂಡಾರ. ಗಟ್ಟಿ ಸೀಸದ ಗುಂಡು ಕೈಗೆ ಅಷ್ಟಾಗಿ ಅಂಟದು. ಈ ಪುಡಿಯು ಹಿಟ್ಟಿನಂತೆ ಅಂಟುವುದು. ಬೆರಳ ಸಂದಿನಲ್ಲಿ, ಉಗುರಿನ ಕೆಳಗೆ, ಧೋತರದ ಅಂಚಿನಲ್ಲಿ, ಜೋಡಿನ ಅಡಿಯಲ್ಲಿ ಅದು ಮನೆಯೊಳಕ್ಕೆ ಬರುವುದು. ಅಂಬೆಗಾಲಿಡುವ ಮಗುವು ನೆಲದ ಮೇಲೆ ಕೈಯೂರಿ, ಅದೇ ಕೈಯನ್ನು ಬಾಯಿಗಿಡುವುದು.

ದೇಹದೊಳಕ್ಕೆ ಹೋದ ಸೀಸವು ಏನು ಮಾಡುವುದು? ಸುಣ್ಣದ ಧಾತುವಾದ ಕ್ಯಾಲ್ಸಿಯಮ್ಮಿಗೆ ದೇಹದಲ್ಲಿರುವ ಬಾಗಿಲುಗಳಲ್ಲಿಯೇ ಸೀಸವೂ ನುಗ್ಗುವುದು. ಕ್ಯಾಲ್ಸಿಯಮ್ಮಿನಂತೆ ಎಲುಬನ್ನು ಸೇರಿ ಹತ್ತಾರು ವರ್ಷ ಅಲ್ಲಿಯೇ ನೆಲೆಸುವುದು. ತಾಯಿಯು ಬಸುರಿಯಾದಾಗ ಅವಳ ಎಲುಬಿನಿಂದ ಹೊರಟು ಗರ್ಭದ ಶಿಶುವನ್ನು ಮುಟ್ಟುವುದು. ದೊಡ್ಡವರು ನುಂಗಿದ ಸೀಸದಲ್ಲಿ ಸ್ವಲ್ಪ ಪಾಲು ಮಾತ್ರ ರಕ್ತಕ್ಕೆ ಸೇರುವುದು. ಅಷ್ಟೇ ಸೀಸವನ್ನು ಚಿಕ್ಕ ಮಗುವು ನುಂಗಿದರೆ ಅದರ ನಾಲ್ಕೈದರಷ್ಟು ರಕ್ತಕ್ಕೆ ಸೇರುವುದು. ಹೊಟ್ಟೆ ಬರಿದಾಗಿದ್ದರೆ, ಆಹಾರದಲ್ಲಿ ಕಬ್ಬಿಣ ಮತ್ತು ಸುಣ್ಣದ ಅಂಶಗಳು ಕಡಮೆಯಾಗಿದ್ದರೆ, ಇನ್ನೂ ಹೆಚ್ಚು. ಹೊಟ್ಟೆನೋವು, ರಕ್ತಹೀನತೆ, ನರಗಳ ಬಲಹೀನತೆ ಇವು ದೊಡ್ಡವರಲ್ಲಿ ಕಾಣುವ ಲಕ್ಷಣಗಳು. ಮಗುವಿನಲ್ಲಿ ಪೆಟ್ಟು ಬೀಳುವುದು ಬೆಳೆಯುತ್ತಿರುವ ಮಿದುಳಿಗೆ. ಪಾಠವು ಹತ್ತದಿರುವುದು, ಗಮನವು ನಿಲ್ಲದಿರುವುದು, ಸಿಡುಕು, ಇವನ್ನು ಮಗುವಿನ ಸ್ವಭಾವವೆಂದು ತಂದೆತಾಯಿಗಳು ತಿಳಿಯುವರು. ಹೀಗೆ ಕಳೆದುಹೋದ ಬುದ್ಧಿಶಕ್ತಿಯನ್ನು ಔಷಧದಿಂದ ಮರಳಿ ತರಲಾಗದು.

ಎಷ್ಟು ಸೀಸವು ಅಪಾಯಕರ ಎಂದು ಕೇಳಬಹುದು. ನಿರಪಾಯವಾದ ಪ್ರಮಾಣವೆಂಬುದು ಯಾವುದೂ ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಒಂದು ಡೆಸಿಲೀಟರು ರಕ್ತದಲ್ಲಿ 5 ಮೈಕ್ರೋಗ್ರಾಂ ಕಂಡುಬಂದರೆ ಸೀಸವು ಎಲ್ಲಿಂದ ಬಂತೆಂದು ಹುಡುಕಿ ನಿಲ್ಲಿಸಬೇಕೆಂದು ಅದೇ ಸಂಸ್ಥೆಯು 2021ರಲ್ಲಿ ಸೂಚಿಸಿತು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಇದನ್ನು ಮನೆಯ ಲೆಕ್ಕಕ್ಕೆ ಇಳಿಸೋಣ. ಎರಡು ವರ್ಷದ ಮಗುವಿನ ಮೈಯಲ್ಲಿರುವ ರಕ್ತವು ಸುಮಾರು ಒಂದು ಲೀಟರು, ಅಂದರೆ ಹತ್ತು ಡೆಸಿಲೀಟರು. ಆ ಲೆಕ್ಕದಂತೆ ಇಡೀ ರಕ್ತದಲ್ಲಿ 50 ಮೈಕ್ರೋಗ್ರಾಂ ಸೀಸವಿದ್ದರೆ ಆ ಎಚ್ಚರಿಕೆಯ ಗೆರೆಯನ್ನು ಮುಟ್ಟಿದಂತಾಯಿತು. ಒಂದು ಸಾಸಿವೆಕಾಳಿನ ತೂಕವು ಸುಮಾರು ಎರಡು ಮಿಲಿಗ್ರಾಂ, ಎಂದರೆ 2000 ಮೈಕ್ರೋಗ್ರಾಂ. ನುಂಗಿದುದೆಲ್ಲ ರಕ್ತಕ್ಕೆ ಸೇರುವುದಿಲ್ಲವೆಂಬುದನ್ನು ಒಪ್ಪಿದರೂ, ಸಾಸಿವೆಕಾಳಿನ ತೂಕದಷ್ಟು ಸೀಸದ ಪುಡಿಯು ಒಂದು ಮಗುವಿಗೆ ಅತಿಯಾಯಿತೆಂಬುದು ಸ್ಪಷ್ಟ. ಬಾಣಲೆಯಿಂದ ತೆಗೆದ ಒಂದು ಸೌಟು ಪುಡಿಯಲ್ಲಿ ಎಷ್ಟು ಸಾಸಿವೆಕಾಳುಗಳ ತೂಕವಿದೆಯೆಂಬುದನ್ನು ಶ್ರೋತೃಗಳೇ ಊಹಿಸಿಕೊಳ್ಳಬಹುದು.

ಇದು ಬರಿಯ ಲೆಕ್ಕದ ಮಾತೆಂದು ಯಾರೂ ತಿಳಿಯದಿರಲಿ. ಆಫ್ರಿಕದ ಪಶ್ಚಿಮ ತೀರದಲ್ಲಿ ಸೆನೆಗಲ್ ಎಂಬ ದೇಶವಿದೆ. ಅದರ ರಾಜಧಾನಿಯಾದ ಡಕಾರಿನ ಹೊರವಲಯದಲ್ಲಿ ತಿಯಾರೋಯ್ ಸುರ್ ಮೇರ್ ಎಂಬ ಕಡಲತಡಿಯ ಊರುಂಟು. ಅಲ್ಲಿನ ಕಮ್ಮಾರರು ಮೋಟಾರಿನ ಹಳೆಯ ಬ್ಯಾಟರಿಗಳನ್ನು ಒಡೆದು, ಸೀಸವನ್ನು ಕರಗಿಸಿ, ಮೀನಿನ ಬಲೆಗಳಿಗೆ ಗುಂಡುಗಳನ್ನು ಹೊಯ್ಯುತ್ತಿದ್ದರು. ವರ್ಷಗಟ್ಟಲೆ ನಡೆದ ಈ ಕೆಲಸದಿಂದ ಮರಳಿನಲ್ಲಿ ಸೀಸದ ಪುಡಿಯು ಬೆರೆಯಿತು. ಸೀಸದ ಬೆಲೆಯು ಏರಿದಾಗ ಜನರು ಆ ಮರಳನ್ನೇ ಅಗೆದು, ಜರಡಿ ಹಿಡಿದು, ಸೀಸದ ಚೂರುಗಳನ್ನು ಆಯ್ದು ಮಾರತೊಡಗಿದರು. 2007ರ ನವಂಬರಿನಿಂದ 2008ರ ಮಾರ್ಚಿಯವರೆಗೆ ಅಲ್ಲಿನ ಒಂದು ಮೊಹಲ್ಲದಲ್ಲಿ 18 ಮಕ್ಕಳು ಕಾರಣ ತಿಳಿಯದ ಮಿದುಳಿನ ರೋಗದಿಂದ ಸತ್ತರು. ಬಳಿಕ ಉಳಿದ ಮಕ್ಕಳಲ್ಲಿ 50 ಮಂದಿಯ ರಕ್ತವನ್ನು ಪರೀಕ್ಷಿಸಲಾಗಿ, ಎಲ್ಲಕ್ಕಿಂತ ಕಡಮೆಯ ಪ್ರಮಾಣವೇ ಡೆಸಿಲೀಟರಿಗೆ ಸುಮಾರು 40 ಮೈಕ್ರೋಗ್ರಾಂ ಆಗಿತ್ತು; ಎಲ್ಲಕ್ಕಿಂತ ಹೆಚ್ಚಿನದು 600ನ್ನು ಮೀರಿತ್ತು. ಹೊರಗಿನ ಮಣ್ಣಿನಲ್ಲಿ ಕೆಲವೆಡೆ ನೂರಕ್ಕೆ 30 ಪಾಲು ಸೀಸವಿತ್ತು. ಮನೆಗಳ ಒಳಗಿನ ಧೂಳಿನಲ್ಲಿಯೂ ಸೀಸವು ದೊರೆಯಿತು.

ಆ ಜನರು ಅವಿವೇಕಿಗಳೆಂದು ನಾವು ಹೇಳಲಾಗದು. ತಮ್ಮ ಕಸುಬನ್ನು ಅವರು ಚೆನ್ನಾಗಿಯೇ ಬಲ್ಲವರಾಗಿದ್ದರು. ಆದರೆ ಕರಗಿಸಿದ ಮೇಲೆ ಉಳಿದ ಪುಡಿಯು ಎಲ್ಲಿಗೆ ಹೋಯಿತೆಂಬ ಪ್ರಶ್ನೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಬ್ಯಾಟರಿಯ ಮಾತು ಬಂದುದರಿಂದ ಒಂದು ನಿಷೇಧವನ್ನು ಖಂಡಿತವಾಗಿ ಹೇಳುತ್ತೇನೆ. ಹಳೆಯ ಬ್ಯಾಟರಿಯನ್ನು ಮನೆಯಲ್ಲಿ ಒಡೆಯಲೂ ಕೂಡದು, ಕರಗಿಸಲೂ ಕೂಡದು. ಅದರಲ್ಲಿ ಗಂಧಕಾಮ್ಲವಿದೆ. ಅದರ ಫಲಕಗಳಿಗೆ ಮೆತ್ತಿರುವ ವಸ್ತುವು ಲೋಹದ ರೂಪದಲ್ಲಿರದೆ ಗಂಧಕದೊಡನೆಯೂ ಆಮ್ಲಜನಕದೊಡನೆಯೂ ಕೂಡಿದ ಪುಡಿಯಾಗಿರುವುದು. ಬಾಣಲೆಯ ಬಿಸಿಗೆ ಅದು ಕರಗುವುದೇ ಇಲ್ಲ, ಧೂಳಾಗಿ ಹಾರುವುದು. ಫಲಕಗಳ ಚೌಕಟ್ಟಿನಲ್ಲಿ ಆಂಟಿಮನಿ, ಆರ್ಸೆನಿಕ್, ಕ್ಯಾಲ್ಸಿಯಮ್ ಮುಂತಾದವು ಬೆರೆತಿರುವುದುಂಟು. ಅಂತಹ ಲೋಹದಿಂದ ತೆಗೆದ ಕಿಟ್ಟಕ್ಕೆ ತೇವವು ತಗುಲಿದರೆ ಆರ್ಸೀನ್, ಸ್ಟಿಬೀನ್ ಎಂಬ ಅತ್ಯಂತ ಘೋರವಾದ ವಿಷಾನಿಲಗಳು ಹುಟ್ಟಬಹುದು. ಭಾರತದಲ್ಲಿ 2001ರ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2022ರ ನಿಯಮಗಳೂ ಹಳೆಯ ಬ್ಯಾಟರಿಗಳು ನೋಂದಾಯಿತ ಕಾರ್ಖಾನೆಗಳಿಗೇ ಸೇರಬೇಕೆಂದು ವಿಧಿಸುತ್ತವೆ. ಹೊಸ ಬ್ಯಾಟರಿಯನ್ನು ಕೊಳ್ಳುವಾಗ ಹಳೆಯದನ್ನು ಅಂಗಡಿಯವನಿಗೆ ಹಿಂದಿರುಗಿಸುವುದೇ ಕ್ರಮ.

ಉಳಿದ ಸೀಸವನ್ನು ಕರಗಿಸುವವರು ಪಾಲಿಸಬೇಕಾದ ಕ್ರಮಗಳನ್ನು ಸಂಗ್ರಹವಾಗಿ ಹೇಳುತ್ತೇನೆ. ಕೆಲಸವು ಮನೆಯೊಳಗೆ ನಡೆಯಕೂಡದು. ಅಡಿಗೆಯ ಮನೆಯಲ್ಲಂತೂ ಎಂದಿಗೂ ಇಲ್ಲ. ಬಯಲಿನಲ್ಲಿ, ಗಾಳಿಯು ತಮ್ಮ ಬೆನ್ನಿನ ಕಡೆಯಿಂದ ಬೀಸುವಂತೆ ನಿಂತು ಮಾಡಬೇಕು. ಮಕ್ಕಳೂ ಬಸುರಿಯರೂ ಹತ್ತಿರ ಸುಳಿಯಬಾರದು. ಒಮ್ಮೆ ಸೀಸವನ್ನು ಕಂಡ ಬಾಣಲೆಯೂ ಸೌಟೂ ಎಷ್ಟು ತಿಕ್ಕಿದರೂ ಮತ್ತೆ ಅಡಿಗೆಗೆ ಬಾರವು. ಕೆಲಸದ ನಡುವೆ ತಿಂಡಿ, ಕಾಫಿ, ಎಲೆಯಡಿಕೆ, ಸಿಗರೇಟು ಯಾವುದೂ ಸಲ್ಲದು. ಬೆರಳಿನಿಂದ ಬಾಯಿಗೆ ಇರುವ ದಾರಿಯೇ ವಿಷದ ದಾರಿ. ಮೂಗಿಗೆ ಬಟ್ಟೆಯನ್ನು ಕಟ್ಟಿಕೊಂಡರೆ ಸಾಕೆಂದು ಭಾವಿಸಬಾರದು. ಸೂಕ್ಷ್ಮವಾದ ಪುಡಿಯನ್ನು ಬಟ್ಟೆಯು ತಡೆಯದು. ಕೆಲಸ ಮುಗಿದು ಎಲ್ಲವೂ ತಣ್ಣಗಾದಮೇಲೆ ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ ತೆಗೆಯಬೇಕು. ಗುಡಿಸಿದರೆ ಪುಡಿಯು ಹೋಗುವುದಿಲ್ಲ, ಹಾರಿ ಹರಡುವುದು. ತೊಟ್ಟ ಬಟ್ಟೆಯನ್ನು ಬೇರೆಯಾಗಿ ಒಗೆದು, ಕೈ ಮುಖಗಳನ್ನು ಸಾಬೂನಿನಿಂದ ತೊಳೆದು, ಸ್ನಾನಮಾಡಿ, ಬಳಿಕವೇ ಮಗುವನ್ನು ಎತ್ತಿಕೊಳ್ಳತಕ್ಕದ್ದು.

ಕಿಟ್ಟದ ಪುಡಿಯನ್ನು ಒಣಗಿದ, ಭದ್ರವಾದ ಮುಚ್ಚಳವುಳ್ಳ ಡಬ್ಬಿಯಲ್ಲಿ ತುಂಬಿ, ಹೆಸರನ್ನು ಬರೆದಿಟ್ಟು, ಸೀಸವನ್ನು ಮರುಬಳಕೆ ಮಾಡಲು ಪರವಾನಗಿ ಪಡೆದವರಿಗೆ ಒಪ್ಪಿಸಬೇಕು. ಚರಂಡಿಗೆ ಚೆಲ್ಲುವುದು, ತಿಪ್ಪೆಗೆ ಹಾಕುವುದು, ಹೂವಿನ ಗಿಡಗಳ ಬುಡಕ್ಕೆ ಸುರಿಯುವುದು, ಇವು ಯಾವುವೂ ಕೂಡದು. ಎಲೆಯಾಗಲಿ ಸಗಣಿಯಾಗಲಿ ಕೊಳೆತು ಮಣ್ಣಾಗುವುದು. ಸೀಸವು ಮೂಲಧಾತುವಾದುದರಿಂದ ಕೊಳೆಯದು, ಕರಗಿ ಇಲ್ಲವಾಗದು. ಇಂದು ಚೆಲ್ಲಿದುದು ಮೊಮ್ಮಕ್ಕಳ ಕಾಲದಲ್ಲಿಯೂ ಅಲ್ಲಿಯೇ ಇರುವುದು. ಈ ಕೆಲಸವನ್ನು ಪದೇಪದೇ ಮಾಡುವವರು ತಮ್ಮ ಮತ್ತು ಮನೆಯ ಮಕ್ಕಳ ರಕ್ತವನ್ನು ಪರೀಕ್ಷೆಮಾಡಿಸುವುದು ವಿವೇಕ.

ಇಷ್ಟೊಂದು ಕಟ್ಟುಪಾಡುಗಳಿದ್ದರೆ ಈ ಕೆಲಸವೇ ಬೇಡವೆಂದು ಕೆಲವರಿಗೆ ತೋರಬಹುದು. ಚಿಕ್ಕ ಮಕ್ಕಳಿರುವ, ಅಂಗಳವಿಲ್ಲದ ಪಟ್ಟಣದ ಮನೆಯವರಿಗೆ ಹಾಗೆ ತೋರಿದರೆ ಆ ತೀರ್ಮಾನವು ಸರಿಯಾದುದೇ. ಸೀಸವಿಲ್ಲದೆ ಕೆಲಸವು ಕೆಡುವುದೆಂಬ ಭಯಕ್ಕೂ ಕಾರಣವಿಲ್ಲ. ಇಂಗ್ಲೆಂಡಿನಲ್ಲಿ ಗಾಳಹಾಕುವವರು ಬಿಟ್ಟ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದುದರಿಂದ 1987ರಲ್ಲಿ ಸಣ್ಣ ಗಾತ್ರದ ಅಂತಹ ಗುಂಡುಗಳಲ್ಲಿ ಬಹುತೇಕವನ್ನು ನಿಷೇಧಿಸಿದರು. ಅದಕ್ಕಾಗಿ ಯಾರೂ ಮೀನು ಹಿಡಿಯುವುದನ್ನು ಬಿಡಲಿಲ್ಲ. ಬೇರೆ ಲೋಹಗಳ ಗುಂಡುಗಳು ಬಂದವು. ಭಾರತದಲ್ಲಿ 2000ದ ಏಪ್ರಿಲಿನಿಂದ ಪೆಟ್ರೋಲಿಗೆ ಸೀಸವನ್ನು ಬೆರೆಸುವುದು ನಿಂತಿತು, ಗಾಡಿಗಳು ನಿಲ್ಲಲಿಲ್ಲ.

ಹಳೆಯ ಲೋಹವನ್ನು ಬಿಸಾಡದೆ ಕರಗಿಸಿ ಹೊಸ ರೂಪವನ್ನು ಕೊಡುವುದು ಮಿತವ್ಯಯದ ಲಕ್ಷಣ. ಕೈಯಾರೆ ಒಂದು ವಸ್ತುವನ್ನು ಮಾಡಿದ ಸಂತೋಷವೂ ಸಣ್ಣದಲ್ಲ. ಅದನ್ನು ಹಳಿಯುವುದು ನನ್ನ ಅಭಿಪ್ರಾಯವಲ್ಲ. ಎರಕ ಹೊಯ್ಯುವವನು ತನ್ನ ಕೆಲಸದ ಗುಣವನ್ನು ಅಚ್ಚಿನಿಂದ ಹೊರಬಂದ ಗುಂಡಿನ ಹೊಳಪಿನಿಂದ ಅಳೆಯುವುದು ವಾಡಿಕೆ. ಸಂಜೆಗೆ ಒಲೆಯನ್ನು ಆರಿಸುವಾಗ ಅವನು ಇನ್ನೊಂದು ಅಳತೆಯನ್ನೂ ನೋಡಿಕೊಳ್ಳಲಿ: ತಂದ ಸೀಸವೆಷ್ಟು, ಗುಂಡಾದುದೆಷ್ಟು, ಡಬ್ಬಿಗೆ ಸೇರಿದ ಕಿಟ್ಟವೆಷ್ಟು. ಈ ಲೆಕ್ಕದಲ್ಲಿ ತೂಕಕ್ಕೆ ಸಿಕ್ಕದೆ ಹೋದ ಅಂಶವು ಅವನ ಅಂಗಳದಲ್ಲಿಯೋ ಅವನ ಬಟ್ಟೆಯಲ್ಲಿಯೋ ಇದೆ. ಅದನ್ನು ಹುಡುಕಿ ಒರಸಿ ತೆಗೆದಮೇಲೆಯೇ ಅವನ ಕೆಲಸವು ಮುಗಿದಂತೆ.